ಮೊದಲ ವರ್ಷದಲ್ಲಿ ಓದು ಬಿಡುವವರು ನಿಜಕ್ಕೂ ಬಿಡುವುದು ಯಾವಾಗ?

ಪ್ರಶ್ನೆ: ಪದವಿ ಮೊದಲ ವರ್ಷದ ಒಂದು ವಿಭಾಗಕ್ಕೆ ನಾನು ಮೆಂಟರ್. 60 ಮಂದಿ ಸೇರುತ್ತಾರೆ; ಎರಡನೇ ವರ್ಷದ ಹಾಜರಿ ಪುಸ್ತಕ ತೆರೆದರೆ ಎಂಟು-ಹತ್ತು ಹೆಸರು ಇರುವುದಿಲ್ಲ. ಕೇಳಿದರೆ ‘ಮನೆ ಕಡೆ ತೊಂದರೆ’, ‘ದುಡ್ಡಿಲ್ಲ’ ಎನ್ನುತ್ತಾರೆ. ಆದರೆ ಅದೇ ತೊಂದರೆ ಇದ್ದ ಇನ್ನೂ ಹಲವರು ಉಳಿದುಕೊಂಡಿರುತ್ತಾರೆ. ಯಾರು ಬಿಡುತ್ತಾರೆಂದು ಮೊದಲೇ ತಿಳಿಯಲು ಸಾಧ್ಯವೇ? ತಿಳಿದರೆ ನನ್ನಂಥವರು ಮಾಡಬಹುದಾದ್ದೇನು?

ಉತ್ತರ: ಅದೇ ತೊಂದರೆ ಇದ್ದ ಹಲವರು ಉಳಿದುಕೊಂಡರು ಎಂದಿದ್ದೀರಿ. ಉತ್ತರದ ಅರ್ಧ ಅಲ್ಲೇ ಇದೆ. ಮೊದಲ ವರ್ಷದಲ್ಲಿ ಏನಾದರೊಂದು ತೊಂದರೆ ಬಾರದವರು ಅಪರೂಪ. ಅದು ಬಂದ ಹೊತ್ತಿಗೆ ಪಾಠ ಕೈಗೆ ಹತ್ತಿತ್ತೇ, ತರಗತಿಯಲ್ಲಿ ಹೆಸರು ಹಿಡಿದು ಕರೆಯುವವರು ಯಾರಾದರೂ ಇದ್ದರೇ, ಮುಂದಿನ ಕಂತಿನ ದುಡ್ಡಿಗೆ ದಾರಿಯಿತ್ತೇ ಎನ್ನುವುದರ ಮೇಲೆ ಉಳಿಯುವುದೂ ಬಿಡುವುದೂ ನಿಂತಿರುತ್ತದೆ. ಈ ಮೂರರಲ್ಲಿ ಒಂದು ಸಡಿಲವಾದರೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ. ಎರಡು ಒಟ್ಟಿಗೆ ಸಡಿಲವಾದಾಗ ಹೋಗುತ್ತಾರೆ. ಆಗ ಬಾಯಲ್ಲಿ ಬರುವ ಕಾರಣ, ಸರದಿಯಲ್ಲಿ ಕೊನೆಗೆ ಬಂದದ್ದು.

ಹಾಗಾಗಿ ‘ಏಕೆ ಬಿಟ್ಟರು’ ಎನ್ನುವ ಮೊದಲು ‘ಯಾವಾಗ ಬಿಟ್ಟರು’ ಎಂದು ದಾಖಲೆಗಳಲ್ಲಿ ಹುಡುಕಿ. ಕಚೇರಿಯ ಪುಸ್ತಕದಲ್ಲಿರುವ ತಾರೀಖನ್ನು ನಂಬಬೇಡಿ. ಅದು ಅರ್ಜಿ ಕೊಟ್ಟ ದಿನ, ಇಲ್ಲವೇ ಶುಲ್ಕ ಕಟ್ಟದೆ ಹೆಸರು ಬಿದ್ದುಹೋದ ದಿನ. ಕಳೆದ ವರ್ಷ ಹೋದವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಪ್ರತಿಯೊಬ್ಬರ ಎದುರು ಐದು ಸಂಗತಿ ತುಂಬಿ: ಸತತ ಎರಡು ತರಗತಿ ಮೊದಲ ಬಾರಿ ತಪ್ಪಿಸಿದ ವಾರ, ಮೊದಲ ಬಾರಿ ಅಸೈನ್‌ಮೆಂಟ್ ಕೊಡದ ವಾರ, ಮೊದಲ ಕಿರುಪರೀಕ್ಷೆಯ ಅಂಕ (ಬರೆಯದಿದ್ದರೆ ‘ಗೈರು’ ಎಂದೇ ಬರೆಯಿರಿ, ಸೊನ್ನೆ ಎಂದಲ್ಲ), ಕೊನೆಯ ಬಾರಿ ತರಗತಿಯಲ್ಲಿ ಕೂತ ದಿನ, ಕಚೇರಿ ದಾಖಲೆಯ ದಿನ. ಕೊನೆಯ ಎರಡರ ನಡುವೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅಂತರ ಕಾಣುತ್ತದೆ. ಮೊದಲೆರಡು ಸಂಗತಿಗಳು ಬಹಳ ಸಲ ಮೂರರಿಂದ ಆರನೇ ವಾರದೊಳಗೆ ಬಿದ್ದಿರುತ್ತವೆ. ಉಳಿದುಕೊಂಡವರ ಪೈಕಿ ಹತ್ತು ಹೆಸರಿಗೂ ಇದನ್ನೇ ತುಂಬುವುದು ಮರೆಯಬೇಡಿ. ಹೋದವರನ್ನಷ್ಟೇ ನೋಡಿದರೆ ಪ್ರತಿ ಗೈರುಹಾಜರಿಯೂ ಅಪಾಯದ ಗುರುತಾಗಿ ಕಾಣುತ್ತದೆ. ಉಳಿದವರಲ್ಲೂ ಅಷ್ಟೇ ಗೈರು ಇದ್ದರೆ ಆ ಗುರುತು ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಒಂದೇ ಸಂಜೆಯ ಕೆಲಸ ಇದು. ದೊಡ್ಡ ಸಾಫ್ಟ್‌ವೇರ್ ಹೇಳುವುದರಲ್ಲಿ ಬಹುಪಾಲನ್ನು ಈ ಹಾಳೆ ಹೇಳುತ್ತದೆ.

ಹೇಳುವ ಕಾರಣಕ್ಕೂ ಇರುವ ಕಾರಣಕ್ಕೂ ಏಕಿಷ್ಟು ದೂರ? ‘ದುಡ್ಡಿಲ್ಲ’, ‘ಮನೆಯಲ್ಲಿ ಹುಷಾರಿಲ್ಲ’ ಎನ್ನುವುದರಲ್ಲಿ ಮರ್ಯಾದೆ ಹೋಗುವುದಿಲ್ಲ. ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ‘ಪಾಠ ಅರ್ಥವಾಗಲಿಲ್ಲ’, ‘ಮಾತಾಡಿಸುವವರು ಒಬ್ಬರೂ ಇರಲಿಲ್ಲ’ ಎನ್ನಲು ನಾಚಿಕೆ. ಸುಳ್ಳು ಹೇಳುತ್ತಾರೆಂದಲ್ಲ. ದುಡ್ಡಿನ ತೊಂದರೆ ನಿಜವೇ. ಆದರೆ ಪಾಸಾಗುವ ಭರವಸೆ ಇದ್ದವನಿಗೆ ಸಾಲ ಮಾಡಿ ಕಟ್ಟೋಣ ಎನಿಸುವ ಅದೇ ಶುಲ್ಕ, ಮೂರು ವಿಷಯದಲ್ಲಿ ಮುಗ್ಗರಿಸಿದವನಿಗೆ ದಂಡವಾಗಿ ಕಾಣುತ್ತದೆ.

ಇದನ್ನು ತೂಗಿ ನೋಡಲು ಅಮೆರಿಕದ ಕೆಂಟಕಿಯ ಬೆರಿಯಾ ಕಾಲೇಜು ಒಳ್ಳೆಯ ಉದಾಹರಣೆ. ಕಡಿಮೆ ಆದಾಯದ ಮನೆಗಳ ಮಕ್ಕಳನ್ನೇ ಹೆಚ್ಚಾಗಿ ಸೇರಿಸಿಕೊಳ್ಳುವ ಆ ಕಾಲೇಜಿನಲ್ಲಿ ಯಾರಿಗೂ ಬೋಧನಾ ಶುಲ್ಕವಿಲ್ಲ. ಆದರೂ ಅಲ್ಲಿ ಬಿಟ್ಟುಹೋಗುವವರ ಸಂಖ್ಯೆ ಸಣ್ಣದಾಗಿರಲಿಲ್ಲ. ಟಾಡ್ ಮತ್ತು ರಾಲ್ಫ್ ಸ್ಟೈನ್‌ಬ್ರಿಕ್ನರ್ ಎಂಬ ಸಂಶೋಧಕರು ಅಲ್ಲಿನ ವಿದ್ಯಾರ್ಥಿಗಳನ್ನು ವರ್ಷದುದ್ದಕ್ಕೂ ಮತ್ತೆ ಮತ್ತೆ ಕೇಳಿ ಮಾಹಿತಿ ಕೂಡಿಸಿದರು. ಸಾಲ ಸಿಗದೆ ಹೋದವರು ಕೆಲವರಿದ್ದಾರೆ, ಆದರೆ ಹೆಚ್ಚಿನವರು ಬೇರೆ ಕಾರಣಕ್ಕೆ ಹೋದರು ಎಂದು 2008ರಲ್ಲಿ ಬರೆದರು. 2012ರ ಲೇಖನದಲ್ಲಿ ಆ ಬೇರೆ ಕಾರಣದ ದೊಡ್ಡ ಭಾಗ ಯಾವುದೆಂದೂ ಹೇಳಿದರು: ಸೇರುವಾಗ ತನ್ನ ಅಂಕಗಳ ಬಗ್ಗೆ ಇದ್ದ ನಿರೀಕ್ಷೆ ಮೊದಲ ಫಲಿತಾಂಶಗಳಲ್ಲಿ ಮುರಿದುಬೀಳುವುದು. ಅಂದರೆ ಮೊದಲ ಕೆಲವು ಅಂಕಗಳನ್ನು ವಿದ್ಯಾರ್ಥಿ ‘ನನ್ನಿಂದ ಆಗುತ್ತದೆಯೇ’ ಎಂಬ ಪ್ರಶ್ನೆಗೆ ಬಂದ ತೀರ್ಪಾಗಿ ಓದಿಕೊಳ್ಳುತ್ತಾನೆ. ಆ ತೀರ್ಪು ಎಷ್ಟು ಬೇಗ ಬರುತ್ತದೆ, ಯಾರ ಬಾಯಿಂದ ಬರುತ್ತದೆ, ತಿದ್ದಿಕೊಳ್ಳಲು ಸಮಯ ಉಳಿದಿರುತ್ತದೆಯೇ ಎನ್ನುವುದು ನಿಮ್ಮ ಕೈಯಲ್ಲಿದೆ.

ಸಿದ್ಧಾಂತದ ಮಾತು ಸ್ವಲ್ಪ ಬೇಕು, ಏಕೆಂದರೆ ಕಾಲೇಜುಗಳು ಮಾಡುವ ತಪ್ಪುಗಳು ಅಲ್ಲಿಂದಲೂ ಹುಟ್ಟಿವೆ. 1970ರಲ್ಲಿ ವಿಲಿಯಂ ಸ್ಪೇಡಿ, ಸಮಾಜದೊಂದಿಗಿನ ನಂಟು ಕಡಿದ ಮನುಷ್ಯನ ಬಗ್ಗೆ ಸಮಾಜಶಾಸ್ತ್ರಜ್ಞ ಡರ್ಕೈಮ್ ಬರೆದಿದ್ದನ್ನು ಓದು ಬಿಡುವುದಕ್ಕೆ ಅನ್ವಯಿಸಿದರು. ಅದನ್ನು ವಿನ್ಸೆಂಟ್ ಟಿಂಟೊ 1975ರಲ್ಲಿ ಪೂರ್ಣ ಮಾದರಿಯಾಗಿ ಬೆಳೆಸಿದರು: ಪಾಠದ ಲೋಕದೊಂದಿಗೆ ಒಂದು ಬೆಸುಗೆ, ಜನರೊಂದಿಗೆ ಇನ್ನೊಂದು, ಎರಡೂ ಸೇರಿ ಪದವಿ ಮುಗಿಸುವ ಹಟವನ್ನೂ ಈ ಕಾಲೇಜಿನಲ್ಲೇ ಮುಗಿಸುವ ಮನಸ್ಸನ್ನೂ ಗಟ್ಟಿ ಮಾಡುತ್ತವೆ. ಇದನ್ನು ಓದಿದ ಕಾಲೇಜುಗಳು ಕ್ಲಬ್ಬು, ಸ್ವಾಗತ ಸಮಾರಂಭ, ಉತ್ಸವಗಳನ್ನು ಹೆಚ್ಚಿಸಿದವು. ಆದರೆ 1985ರಲ್ಲಿ ಜಾನ್ ಬೀನ್ ಮತ್ತು ಬಾರ್ಬರಾ ಮೆಟ್ಜ್ನರ್ ತೋರಿಸಿದಂತೆ, ಮನೆಯಿಂದ ಓಡಾಡುವವರಿಗೆ, ದುಡಿಯುತ್ತ ಓದುವವರಿಗೆ ಕ್ಯಾಂಪಸ್ಸಿನ ಗೆಳೆತನಕ್ಕಿಂತ ಹೊರಗಿನ ಲೋಕ ಭಾರವಾದದ್ದು: ಕೆಲಸದ ಪಾಳಿ, ಮನೆಯ ಜವಾಬ್ದಾರಿ, ದುಡ್ಡು. 1992ರಲ್ಲಿ ವಿಲಿಯಂ ಟಿಯರ್ನಿ ಎತ್ತಿದ ತಕರಾರು ಇನ್ನೂ ಮೊನಚು: ತನ್ನ ಸಮುದಾಯವನ್ನು ಕಳಚಿಟ್ಟು ಬಂದು ಬೆರೆಯಬೇಕು ಎನ್ನುವ ಷರತ್ತು ಬಹುಸಂಖ್ಯಾತರಲ್ಲದವರ ಮೇಲೆ ಮಾತ್ರ ಬೀಳುತ್ತದೆ. ತರಗತಿ ಮುಗಿದೊಡನೆ ಓಡುವ ವಿದ್ಯಾರ್ಥಿಗೆ ಸಂಜೆಯ ಕ್ಲಬ್ಬಿನಿಂದ ಏನೂ ಸಿಗುವುದಿಲ್ಲ. ಅವನಿಗೆ ಕಾಲೇಜು ಎಂದರೆ ತರಗತಿ ಮಾತ್ರ. ಗೆಳೆತನವಾಗಲಿ ಗುರುತಾಗಲಿ ಆ ನಾಲ್ಕು ಗೋಡೆಯೊಳಗೇ, ಪಾಠದ ಹೊತ್ತಿನಲ್ಲೇ ಆಗಬೇಕು. ಟಿಂಟೊ ಕೂಡ ಮುಂದೆ ತರಗತಿಯ ಕಡೆಗೇ ಹೆಚ್ಚು ವಾಲಿದರು.

ಈಗ ವಾರಗಳ ಲೆಕ್ಕಕ್ಕೆ ಬರೋಣ.

ಮೊದಲೆರಡು ವಾರದಲ್ಲಿ ಆಗುವ ಎಡವಟ್ಟು ಸಮಯದ್ದು. ಶಾಲೆಯಲ್ಲಿ ದಿನವನ್ನು ಬೇರೆಯವರು ತುಂಬಿಸಿರುತ್ತಿದ್ದರು. ಇಲ್ಲಿ ವಾರಕ್ಕೆ 15-20 ತಾಸು ಪಾಠ. ಉಳಿದದ್ದು ಬಿಡುವಿನಂತೆ ಕಾಣುತ್ತದೆ. ಒಂದು ತಾಸು ಪಾಠಕ್ಕೆ ಸ್ವಂತ ಓದು ಸುಮಾರು ಎರಡು ತಾಸು ಎನ್ನುವ ಲೆಕ್ಕದ ಮೇಲೆ ಪಠ್ಯ ನಿಂತಿರುತ್ತದೆ, ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ‘ಚೆನ್ನಾಗಿ ಓದಿ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಗುರುವಾರದೊಳಗೆ ಈ ಎಂಟು ಪುಟ ಓದಿ, ಕೊನೆಯ ಮೂರು ಲೆಕ್ಕ ಬಿಡಿಸಿ, ಹೊಸಬರಿಗೆ ಎರಡೂವರೆ ತಾಸು ಹಿಡಿಯುತ್ತದೆ’ ಎನ್ನಿ. ತಾಸನ್ನು ಹೇಳುವುದರಲ್ಲಿ ಒಂದು ಗುಟ್ಟಿದೆ: ಎರಡು ತಾಸು ಕೂತವನು ತಾನು ದಡ್ಡ ಎಂದುಕೊಳ್ಳುವುದಿಲ್ಲ. ಓದಿನ ಭಾಷೆ ಬದಲಾದವರಿಗೆ ಅದೇ ಎಂಟು ಪುಟಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಪ್ರತಿ ಅಧ್ಯಾಯದ ಹದಿನೈದು-ಇಪ್ಪತ್ತು ಮುಖ್ಯ ಪದಗಳ ಪಟ್ಟಿಯನ್ನು ಪಾಠಕ್ಕೆ ಮುಂಚೆಯೇ ಕೊಡಿ.

ಮೊದಲ ಕಿರುಪರೀಕ್ಷೆ ಎರಡನೇ ಅಥವಾ ಮೂರನೇ ವಾರದಲ್ಲೇ ಇರಲಿ. ಒಟ್ಟು ಅಂಕದ ನೂರಕ್ಕೆ ಐದನ್ನು ಮೀರದಿರಲಿ. ತಿದ್ದಿದ ಉತ್ತರ ಏಳು ದಿನದೊಳಗೆ ಕೈಸೇರಲಿ, ಪ್ರತಿ ಉತ್ತರದಲ್ಲಿ ‘ಇದನ್ನು ಹೀಗೆ ಮಾಡಿದ್ದರೆ ಬರುತ್ತಿತ್ತು’ ಎನ್ನುವ ಒಂದು ಸಾಲು ಇರಲಿ. ಅನೇಕ ಕಡೆ ನಡೆಯುವುದು ಇದಕ್ಕೆ ತಿರುಗಾಮುರುಗಾ: ಮೊದಲ ಪರೀಕ್ಷೆ ಎಂಟನೇ ವಾರ, ಅಂಕ ಹತ್ತನೇ ವಾರ, ತೂಕ ನೂರಕ್ಕೆ 25-30. ಆ ಹೊತ್ತಿಗೆ ಬಿದ್ದವನಿಗೆ ಏಳಲು ಜಾಗ ಉಳಿದಿರುವುದಿಲ್ಲ, ನಿಮಗೂ ಸುಳಿವು ತಡವಾಗಿ ಸಿಗುತ್ತದೆ.

ಆ ಪರೀಕ್ಷೆಯಲ್ಲಿ ಮೊದಲು ನೋಡಬೇಕಾದ್ದು ಕಡಿಮೆ ಅಂಕ ತೆಗೆದವರನ್ನಲ್ಲ, ಬರೆಯದವರನ್ನು. ಹತ್ತಕ್ಕೆ ಎರಡು ತೆಗೆದವಳು ಇನ್ನೂ ಆಟದೊಳಗಿದ್ದಾಳೆ. ಬಂದಳು, ಬರೆದಳು, ಕೊಟ್ಟಳು. ಬಾರದವನು ಹೊರಗೆ ಕಾಲಿಟ್ಟಾಗಿದೆ. ಹಾಜರಿಯ ಬಲ ಎಷ್ಟೆಂದು 2010ರಲ್ಲಿ ಮಾರ್ಕಸ್ ಕ್ರೆಡೆ ಮತ್ತು ಜೊತೆಗಾರರು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು: ಕಾಲೇಜಿನ ಅಂಕವನ್ನು ಪ್ರವೇಶ ಪರೀಕ್ಷೆಯ ಅಂಕಕ್ಕಿಂತ ಹಾಜರಿಯೇ ಚೆನ್ನಾಗಿ ಮುನ್ಸೂಚಿಸುತ್ತದೆ.

ಆದರೆ ಎಲ್ಲ ಗೈರೂ ಒಂದೇ ಅಲ್ಲ, ಅದರ ಆಕಾರ ನೋಡಬೇಕು. ಒಂದೇ ವಿಷಯಕ್ಕೆ ಬಾರದಿದ್ದರೆ ತೊಡಕು ಆ ಪಾಠದಲ್ಲೋ ಆ ಮೇಷ್ಟರೊಂದಿಗೋ ಇದೆ. ಬೆಳಗಿನ ಮೊದಲ ತರಗತಿ ಮಾತ್ರ ತಪ್ಪುತ್ತಿದ್ದರೆ ರಾತ್ರಿ ಪಾಳಿಯ ಕೆಲಸ, ದೂರದ ಪ್ರಯಾಣ ಅಥವಾ ನಿದ್ದೆ. ವಾರದ ಕೊನೆಯ ದಿನ ಮತ್ತು ಮೊದಲ ದಿನ ಎರಡೂ ತಪ್ಪಿದರೆ ಊರಿಗೆ ಹೋಗಿಬರುತ್ತಿದ್ದಾರೆ. ಇದು ಮೂರು ವಾರ ಮುಂದುವರಿದರೆ ಇಲ್ಲಿ ಯಾರೂ ಜೊತೆಯಾಗಿಲ್ಲ ಎಂದು ತಿಳಿಯಿರಿ. ಪ್ರಾಕ್ಟಿಕಲ್ಲಿಗೆ ಬಂದು ಥಿಯರಿ ಬಿಟ್ಟರೆ ಅಷ್ಟು ಗಾಬರಿ ಬೇಡ. ಎಲ್ಲ ವಿಷಯಕ್ಕೂ ಒಟ್ಟಿಗೆ ಐದು ದಿನ ಗೈರಾದರೆ ಕಾಯಿಲೆ, ಮನೆಯ ಆಘಾತ, ಇಲ್ಲವೇ ನಿರ್ಧಾರ ಮುಗಿದಿದೆ. ಅದೇ ದಿನ ಫೋನ್ ಮಾಡಿ.

ಫೋನ್ ಮಾಡುವುದು ಸುಲಭವೆನಿಸುತ್ತದೆ, ಕೆಡುವುದೂ ಇಲ್ಲೇ ಹೆಚ್ಚು. ಎರಡನೇ ಗೈರಿನಿಂದ 48 ತಾಸಿನೊಳಗೆ ಮಾಡಿ. ವಾರ ಕಳೆದರೆ ಅದು ವಿಚಾರಣೆಯಾಗುತ್ತದೆ. ಮೊದಲು ಒಂದು ಸಾಲಿನ ಸಂದೇಶ ಕಳಿಸಿ, ಆಮೇಲೆ ಕರೆ. ಮನೆಯವರಿಗೆ ಮೊದಲು ಮಾಡಬೇಡಿ; ಮಾಡಿದಿರೋ, ಆ ವಿದ್ಯಾರ್ಥಿ ನಿಮಗೆ ಮುಂದೆ ನಿಜ ಹೇಳುವುದಿಲ್ಲ. ಆರಂಭ ಹೀಗಿರಲಿ: ‘ಸೋಮವಾರ, ಬುಧವಾರ ಕಾಣಲಿಲ್ಲವಲ್ಲ, ಆರಾಮಾಗಿದ್ದೀಯಾ?’ ಹಾಜರಿಯ ಶೇಕಡಾವಾರು ಸುದ್ದಿ ಎತ್ತಬೇಡಿ. ಮುಂದೆ ಕೇಳಬೇಕಾದ್ದು ಮೂರೇ: ‘ಯಾವ ವಿಷಯದಲ್ಲಿ ದಾರಿ ತಪ್ಪಿದೆ, ಯಾವ ಪಾಠದಿಂದ?’, ‘ತರಗತಿಯಲ್ಲಿ ನೋಟ್ಸ್ ಕೇಳುವಷ್ಟು ಪರಿಚಯದವರು ಯಾರಿದ್ದಾರೆ?’, ‘ಬಿಟ್ಟುಬಿಡೋಣ ಅಂತ ಮೊದಲು ಅನಿಸಿದ್ದು ಯಾವಾಗ?’ ಮೂರನೆಯದನ್ನು ಕೇಳಲು ಹಿಂಜರಿಕೆ ಬೇಡ. ‘ಬಿಡುವ ಯೋಚನೆ ಇದೆಯಾ?’ ಎಂದರೆ ಇಲ್ಲ ಎನ್ನುತ್ತಾರೆ, ‘ಯಾವಾಗ ಅನಿಸಿತು?’ ಎಂದರೆ ಆ ದಿನದ ಕಥೆ ಹೇಳುತ್ತಾರೆ, ನಿಜವಾದ ಕಾರಣ ಆ ಕಥೆಯಲ್ಲಿರುತ್ತದೆ.

ಕರೆ ಮುಗಿಯುವಾಗ ‘ಏನಾದರೂ ಬೇಕಿದ್ದರೆ ಬಾ’ ಎನ್ನಬೇಡಿ. ಆ ಮಾತಿಗೆ ಯಾರೂ ಬರುವುದಿಲ್ಲ. ಅದರಲ್ಲೂ ಹೆಚ್ಚು ಬೇಕಿದ್ದವರು ಬರುವುದಿಲ್ಲ. ‘ನಾಳೆ 11 ಗಂಟೆಗೆ ಸ್ಟಾಫ್ ರೂಮಿಗೆ ಬಾ, ಮೂರನೇ ಪಾಠದ ಎರಡು ಲೆಕ್ಕ ಒಟ್ಟಿಗೆ ನೋಡೋಣ, ಇಪ್ಪತ್ತು ನಿಮಿಷ ಸಾಕು’ ಎನ್ನಿ. ಬಂದಮೇಲೆ ಒಂದು ಲೆಕ್ಕವಾದರೂ ಅವರ ಕೈಯಿಂದಲೇ ಬಿಡಿಸಿಸಿ ಕಳಿಸಿ. ವಾರದ ನಂತರ ಇನ್ನೊಂದು ಎರಡು ನಿಮಿಷದ ಕರೆ. ಈ ಎರಡನೇ ಕರೆಯನ್ನೇ ಬಹಳ ಮಂದಿ ಬಿಟ್ಟುಬಿಡುತ್ತಾರೆ.

ಇಷ್ಟನ್ನು ಯಂತ್ರಕ್ಕೆ ಒಪ್ಪಿಸಬಹುದೇ? ಒಪ್ಪಿಸಿ ನೋಡಿದ್ದಾರೆ. ಫಿಲಿಪ್ ಓರಿಯೋಪೌಲೋಸ್ ಮತ್ತು ಉರೋಸ್ ಪೆಟ್ರೋನಿಯೆವಿಚ್ ಐದು ವರ್ಷ, ಮೂರು ಕ್ಯಾಂಪಸ್ಸುಗಳಲ್ಲಿ, ಸುಮಾರು 25,000 ವಿದ್ಯಾರ್ಥಿಗಳ ಮೇಲೆ ಮೊಬೈಲ್ ಸಂದೇಶಗಳನ್ನೂ ಆನ್‌ಲೈನ್ ಅಭ್ಯಾಸಗಳನ್ನೂ ಪ್ರಯೋಗಿಸಿದರು. 2019ರಲ್ಲಿ ಬಂದ ಫಲಿತಾಂಶ ನಿರ್ದಾಕ್ಷಿಣ್ಯ: ಓದಿನ ತಾಸು ಸ್ವಲ್ಪ ಹೆಚ್ಚಿದ್ದುಂಟು, ಅಂಕಗಳು ಅಲುಗಲಿಲ್ಲ. ಇನ್ನೊಂದೆಡೆ ಎರಿಕ್ ಬೆಟಿಂಗರ್ ಮತ್ತು ರೇಚಲ್ ಬೇಕರ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಪೈಕಿ ಚೀಟಿ ಎತ್ತಿದಂತೆ ಆರಿಸಿದ ಕೆಲವರಿಗೆ ಒಬ್ಬೊಬ್ಬ ಮಾರ್ಗದರ್ಶಕರು ಫೋನ್ ಮಾಡುತ್ತಿದ್ದರು. ಅವರು ಓದಿನಲ್ಲಿ ಹೆಚ್ಚು ಉಳಿದರು, ಕರೆಗಳು ನಿಂತು ವರ್ಷವಾದ ಮೇಲೂ ಆ ಅಂತರ ಉಳಿದಿತ್ತು. ಹೇಳಿದ ಸಲಹೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಉತ್ತರಕ್ಕೆ ಕಾಯುವ ಮನುಷ್ಯನಿದ್ದ.

ಎಚ್ಚರಿಕೆಯ ಪಟ್ಟಿಗಳು ಕೆಡುವುದಕ್ಕೆ ಇನ್ನೂ ಮೂರು ದಾರಿಗಳಿವೆ. ಒಂದು, ‘ನೀವು ಅಪಾಯದಲ್ಲಿದ್ದೀರಿ’ ಎಂಬ ಪತ್ರವನ್ನು ವಿದ್ಯಾರ್ಥಿಗೇ ಕಳಿಸುವುದು. ತನ್ನ ಬಗ್ಗೆ ಇದ್ದ ಅನುಮಾನಕ್ಕೆ ಕಾಲೇಜಿನ ಮೊಹರು ಬಿತ್ತು ಎಂದೇ ಆತ ಓದಿಕೊಳ್ಳುತ್ತಾನೆ. ಎರಡು, ಮೂರನೇ ವಾರದಲ್ಲೇ 60ರಲ್ಲಿ 40 ಹೆಸರಿಗೆ ಕೆಂಪು ಗುರುತು ಬೀಳುವುದು; ಅಷ್ಟು ಜನರಿಗೆ ಯಾರೂ ಫೋನ್ ಮಾಡುವುದಿಲ್ಲ, ಕೊನೆಗೆ ಒಬ್ಬರಿಗೂ ಮಾಡುವುದಿಲ್ಲ. ಗುರುತನ್ನು ಬಿಗಿ ಮಾಡಿ, ‘ಸತತ ಎರಡು ಗೈರು ಮತ್ತು ಒಂದು ಅಸೈನ್‌ಮೆಂಟ್ ಬಾಕಿ’ ಎಂದಿಡಿ. ಏಳೆಂಟು ಹೆಸರಿಗೆ ಇಳಿಯುತ್ತದೆ. ಮೂರು, ಗುರುತು ಬಿದ್ದದ್ದು ಎಲ್ಲರಿಗೂ ಗೊತ್ತು, ಮಾತಾಡಬೇಕಾದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಪ್ರತಿ ಹೆಸರಿನ ಮುಂದೆ ಒಬ್ಬರ ಹೆಸರು, ಒಂದು ತಾರೀಖು, ‘ಮಾತಾಡಿದೆ, ಹೀಗಾಯಿತು’ ಎನ್ನುವ ಒಂದು ಸಾಲು ಇರಬೇಕು. ಪಾಠವನ್ನೂ ಮಾಡುವ ಮೆಂಟರಿಗೆ 15-20 ವಿದ್ಯಾರ್ಥಿಗಳೇ ಜಾಸ್ತಿ. ನಿಮಗೆ ವಹಿಸಿರುವ 60 ಅಸಾಧ್ಯದ ಸಂಖ್ಯೆ; ಇದನ್ನು ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ಹೇಳಿ, ಎರಡನೇ-ಮೂರನೇ ವರ್ಷದ ಮೂವರನ್ನಾದರೂ ತರಬೇತಿ ಮತ್ತು ಗೌರವಧನ ಕೊಟ್ಟು ಜೊತೆಗೆ ಕೇಳಿ.

ಫೋನಿಗಿಂತ ಹೆಚ್ಚು ಕೆಲಸ ಮಾಡುವುದು ತರಗತಿಯ ಒಳಗಿನ ಏರ್ಪಾಡು. ಗಣಿತಜ್ಞ ಉರಿ ಟ್ರೀಸ್‌ಮನ್ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಒಂದು ಪ್ರಶ್ನೆ ಹಿಡಿದರು: ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಅಷ್ಟೊಂದು ಫೇಲಾಗುವುದೇಕೆ? ಸಹೋದ್ಯೋಗಿಗಳು ಊಹಿಸಿದ್ದು ಹುಮ್ಮಸ್ಸಿನ ಕೊರತೆ, ಹಿಂದಿನ ಓದಿನ ಕೊರತೆ, ಮನೆಯ ಬೆಂಬಲದ ಕೊರತೆ, ಬಡತನ. ವಿದ್ಯಾರ್ಥಿಗಳ ಜೊತೆಯಲ್ಲೇ ಇದ್ದು ನೋಡಿದಾಗ ನಾಲ್ಕೂ ನಿಲ್ಲಲಿಲ್ಲ. ಕಂಡದ್ದು ಬೇರೆ: ಅವರು ಒಬ್ಬೊಬ್ಬರೇ ಓದುತ್ತಿದ್ದರು, ಚೆನ್ನಾಗಿ ಮಾಡುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಮೊದಲು ಒಬ್ಬೊಬ್ಬರಾಗಿ ಮಾಡಿ, ನಂತರ ಗುಂಪಿನಲ್ಲಿ ಕೂತು ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಒಂಟಿಯಾಗಿ ಓದುವವನಿಗೆ ಒಂದು ಲೆಕ್ಕ ಬಾರದಿದ್ದರೆ ಅದು ಎಲ್ಲರಿಗೂ ಕಷ್ಟವೋ ತನಗೊಬ್ಬನಿಗೋ ತಿಳಿಯುವುದೇ ಇಲ್ಲ. ಟ್ರೀಸ್‌ಮನ್ ಪರಿಹಾರ ಪಾಠ ಶುರುಮಾಡಲಿಲ್ಲ. ಹೆಚ್ಚು ಕಠಿಣ ಲೆಕ್ಕಗಳನ್ನು ಗುಂಪಿನಲ್ಲಿ ಬಿಡಿಸುವ ಕಾರ್ಯಾಗಾರ ಮಾಡಿದರು. ಬಂದವರ ಅಂಕ ಏರಿತು.

‘ದುರ್ಬಲ ವಿದ್ಯಾರ್ಥಿಗಳಿಗೆ ವಿಶೇಷ ತರಗತಿ’ ಎಂಬ ಬೋರ್ಡು ಹಾಕಿದರೆ ಖಾಲಿ ಬೆಂಚುಗಳ ಮುಂದೆ ಪಾಠ ಮಾಡಬೇಕಾಗುತ್ತದೆ. ಹೋಗುವುದೇ ಅವಮಾನ. ಮಿಸ್ಸೌರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಕ್ಯಾಂಪಸ್ಸಿನಲ್ಲಿ 1973ರಲ್ಲಿ ಡಿಯಾನ ಮಾರ್ಟಿನ್ ಆರಂಭಿಸಿದ ಪೂರಕ ಬೋಧನೆ ಈ ಗಂಟನ್ನು ಜಾಣತನದಿಂದ ಬಿಡಿಸಿತು: ಕಷ್ಟದಲ್ಲಿರುವ ವಿದ್ಯಾರ್ಥಿಯನ್ನು ಆರಿಸುವ ಬದಲು ಕಷ್ಟದ ವಿಷಯವನ್ನು ಆರಿಸಿತು. ಫೇಲು, ತೀರಾ ಕಡಿಮೆ ಶ್ರೇಣಿ, ನಡುವೆ ಬಿಟ್ಟವರು ಸೇರಿ ನೂರಕ್ಕೆ 30 ದಾಟುವ ವಿಷಯಗಳಿಗೆ ಮಾತ್ರ, ಎಲ್ಲರಿಗೂ ತೆರೆದದ್ದು, ನಡೆಸುವವರು ಅದೇ ವಿಷಯವನ್ನು ಚೆನ್ನಾಗಿ ಪಾಸಾದ, ಈಗ ಮತ್ತೆ ಅದೇ ಪಾಠಕ್ಕೆ ಕೂರುವ ಸೀನಿಯರ್. ನಿಮ್ಮ ವಿಭಾಗದಲ್ಲೂ ವಿಷಯವಾರು ಈ ಲೆಕ್ಕ ಹಾಕಿ ನೋಡಿ. ಎಲ್ಲ ವಿಷಯಗಳೂ ಜನರನ್ನು ಉದುರಿಸುವುದಿಲ್ಲ. ಒಂದೋ ಎರಡೋ ಉದುರಿಸುತ್ತವೆ.

ಗುಂಪು ಮಾಡುವುದಕ್ಕೂ ಕ್ರಮವಿದೆ. ನಾಲ್ಕೈದು ಮಂದಿ, ಕನಿಷ್ಠ ಆರು ವಾರ ಬದಲಿಸದೆ. ನೀವೇ ರಚಿಸಿ, ‘ಗುಂಪು ಮಾಡಿಕೊಳ್ಳಿ’ ಎಂದರೆ ಪರಿಚಯವಿಲ್ಲದವರೇ ಕೊನೆಗೆ ಉಳಿಯುವುದು. ಒಂದೇ ಕಡೆಯಿಂದ ಓಡಾಡುವವರನ್ನು ಜೊತೆಗೆ ಹಾಕಿದರೆ ದಾರಿಯಲ್ಲೂ ಮಾತು ಸಾಗುತ್ತದೆ. ಒಂದು ಗುಂಪಿನಲ್ಲಿ ಒಬ್ಬಳೇ ಹುಡುಗಿ, ಇಲ್ಲವೇ ಬೇರೆ ಭಾಷೆಯವನು ಒಬ್ಬನೇ ಆಗದಂತೆ ನೋಡಿ. ಪ್ರತಿ ವಾರ ಪಾಠದ ಹೊತ್ತಿನಲ್ಲೇ 20 ನಿಮಿಷದ ಒಂದು ಸಮಸ್ಯೆ, ಒಬ್ಬರಿಂದಲೇ ಮುಗಿಯದಷ್ಟು ಗಟ್ಟಿಯಾದದ್ದು. ಇದರಿಂದ ಪಾಠ ಹಿಂದೆ ಬೀಳುತ್ತದೆ ಎನ್ನುವ ಸಹೋದ್ಯೋಗಿಗಳಿಗೆ ಸ್ಕಾಟ್ ಫ್ರೀಮನ್ ತಂಡ 2014ರಲ್ಲಿ 225 ಅಧ್ಯಯನಗಳನ್ನು ಕೂಡಿಸಿ ಕಂಡದ್ದನ್ನು ಹೇಳಿ: ವಿಜ್ಞಾನ, ಎಂಜಿನಿಯರಿಂಗ್, ಗಣಿತದ ತರಗತಿಗಳಲ್ಲಿ ಬರೀ ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ 33.8 ಮಂದಿ ಫೇಲಾದರೆ, ಕೈಯಾಡಿಸಿ ಕಲಿತವರಲ್ಲಿ 21.8.

‘ನಾನು ಇಲ್ಲಿಗೆ ಸೇರಿದವನಲ್ಲ’ ಎಂಬ ಅನಿಸಿಕೆಯ ಬಗ್ಗೆ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ಒಂದು ತಾಸಿನ ಸರಳ ಪ್ರಯೋಗ ಪ್ರಕಟಿಸಿದರು. ಹೊಸ ವಿದ್ಯಾರ್ಥಿಗಳು ಸೀನಿಯರ್‌ಗಳ ಅನುಭವ ಓದಿದರು. ಆರಂಭದಲ್ಲಿ ಎಲ್ಲರಿಗೂ ಹೀಗೇ ಅನಿಸುತ್ತದೆ, ಕಾಲ ಕಳೆದಂತೆ ಸರಿಹೋಗುತ್ತದೆ ಎಂಬುದು ಅವುಗಳ ಸಾರ. ನಂತರ ತಮ್ಮ ಮಾತಿನಲ್ಲಿ ಬರೆದರು. ಮುಂದಿನ ಮೂರು ವರ್ಷಗಳಲ್ಲಿ ಕಪ್ಪು ವಿದ್ಯಾರ್ಥಿಗಳ ಅಂಕ ಏರಿತು. ಇದನ್ನು ಮಂತ್ರದಂತೆ ಬಳಸುವವರಿಗೆ 2023ರಲ್ಲಿ 22 ಸಂಸ್ಥೆಗಳಲ್ಲಿ ನಡೆದ ದೊಡ್ಡ ಪ್ರಯೋಗ ಕಡಿವಾಣ ಹಾಕಿದೆ: ನಿಜಕ್ಕೂ ಬೆರೆಯಲು ಅವಕಾಶವಿದ್ದ ಕಡೆ ಮಾತ್ರ ಅದು ಫಲ ಕೊಟ್ಟಿತು. ಸೀನಿಯರ್‌ರನ್ನು ಕರೆಸುವುದಾದರೆ ಚಿನ್ನದ ಪದಕದವರು ಬೇಡ. ಮೊದಲ ಪರೀಕ್ಷೆಯಲ್ಲಿ ಬಿದ್ದು, ಏನು ಬದಲಿಸಿಕೊಂಡೆ ಎಂದು ಬಿಡಿಸಿ ಹೇಳಬಲ್ಲವರು ಬೇಕು. ನಾಲ್ಕನೇ ವಾರ, ಮೊದಲ ಅಂಕ ಕೈಸೇರಿದ ಮರುದಿನ ಕರೆಸಿ. ಸ್ವಾಗತ ಸಮಾರಂಭದ ದಿನ ಆ ಮಾತು ಯಾರ ತಲೆಗೂ ಹೋಗುವುದಿಲ್ಲ.

ಐದು ವಿಷಯದಲ್ಲೂ ಆರು ವಾರ ಹಿಂದೆ ಬಿದ್ದವರು ನಿಮ್ಮ ಮುಂದೆ ಕೂತಾಗ ಧೈರ್ಯದ ಮಾತಿಗಿಂತ ಲೆಕ್ಕ ಕೆಲಸಕ್ಕೆ ಬರುತ್ತದೆ. ಉಳಿದ ವಾರ ಎಷ್ಟು, ವಾರಕ್ಕೆ ನಿಜಕ್ಕೂ ಓದಲು ಸಿಗುವ ತಾಸು ಎಷ್ಟು ಎಂದು ಬರೆಸಿ. ಎಂಟು ವಾರ, ವಾರಕ್ಕೆ 18 ತಾಸು ಎಂದರೆ 144 ತಾಸು. ಹೊಸ ಪಾಠಕ್ಕೆ ವಿಷಯಕ್ಕೆ ವಾರಕ್ಕೆ 3 ತಾಸಿನಂತೆ ಐದು ವಿಷಯಕ್ಕೆ 120 ಹೋದರೆ ಹಳೆಯದಕ್ಕೆ ಉಳಿಯುವುದು 24. ಆರು ವಾರದ ಐದು ವಿಷಯ ಅದರಲ್ಲಿ ಮುಗಿಯುವುದಿಲ್ಲ. ಹಾಗೆಂದು ಎಲ್ಲವನ್ನೂ ಬಿಡಬೇಕಿಲ್ಲ. ನಿಯಮ ಒಪ್ಪಿದರೆ ಎರಡು ವಿಷಯವನ್ನು ಅಧಿಕೃತವಾಗಿ ಹಿಂತೆಗೆದುಕೊಳ್ಳಲಿ. ಮೂರಕ್ಕೆ 72, ಹಳೆಯದಕ್ಕೆ 72 ಸಿಗುತ್ತದೆ, ಅದು ಆಗುವ ಮಾತು. ಹಿಂತೆಗೆಯುವ ಕೊನೆಯ ದಿನಾಂಕ ನಿಮ್ಮ ನಾಲಿಗೆ ತುದಿಯಲ್ಲಿರಬೇಕು. ಅದು ದಾಟಿದ ಮೇಲೆ ಬರುವ ಫೇಲು ದಾಖಲೆಯಲ್ಲಿ ಉಳಿಯುತ್ತದೆ, ಶುಲ್ಕವೂ ಮರಳುವುದಿಲ್ಲ. ಮೂರು ವಿಷಯ ಪಾಸಾದವರು ಮತ್ತೆ ಬರುತ್ತಾರೆ. ಐದನ್ನೂ ಕಳಕೊಂಡವರು ಬರುವುದು ಕಷ್ಟ.

ದುಡ್ಡಿನ ವಿಷಯದಲ್ಲಿ ಜನ ದೊಡ್ಡ ವಿದ್ಯಾರ್ಥಿವೇತನವನ್ನೇ ನೆನೆಯುತ್ತಾರೆ. ಹಲವರು ಹೋಗುವುದು ಸಣ್ಣ ಬಾಕಿಗಾಗಿ: ಲೈಬ್ರರಿ ದಂಡ, ಪರೀಕ್ಷಾ ಶುಲ್ಕ, ಕೊನೆಯ ಕಂತು. ಅದು ಬಾಕಿಯಿದ್ದರೆ ಮುಂದಿನ ನೋಂದಣಿಗೆ ಬೀಗ. ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2011ರಿಂದ ಇಂಥ ಸಣ್ಣ ಬಾಕಿಗಳನ್ನು ತಾನೇ ತುಂಬಿ ವಿದ್ಯಾರ್ಥಿಗಳನ್ನು ಉಳಿಸಿಕೊಳ್ಳುತ್ತ ಬಂದಿದೆ. ವಿದ್ಯಾರ್ಥಿವೇತನ ಮಂಜೂರಾಗಿಯೂ ತಡವಾಗಿ ಕೈಸೇರುವುದು ಇನ್ನೊಂದು ಕಾಟ. ಅಲ್ಲಿ ಬೇಕಾದ್ದು ದುಡ್ಡಲ್ಲ, ಕಂತಿನ ದಿನ ಮುಂದೂಡುವ ಒಂದು ಸಹಿ. ದುಡಿಯುತ್ತ ಓದುವವರಲ್ಲಿ ವಾರಕ್ಕೆ 20 ತಾಸಿನ ಆಚೆ ಅಪಾಯ ಏರುತ್ತದೆ. ಹತ್ತು-ಹನ್ನೆರಡು ತಾಸು, ಅದೂ ಕ್ಯಾಂಪಸ್ಸಿನಲ್ಲೇ ಆದರೆ, ಸಾಮಾನ್ಯವಾಗಿ ತೊಂದರೆಯಿಲ್ಲ, ಕೆಲವರಿಗೆ ಅದೇ ನಂಟಾಗುತ್ತದೆ.

ಇವೆಲ್ಲವನ್ನೂ ಬಿಡಿಬಿಡಿಯಾಗಿ ಕೊಟ್ಟರೆ ಫಲ ಸಣ್ಣದು. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ 2007ರಲ್ಲಿ ಆರಂಭಿಸಿದ ‘ಅಸಾಪ್’ ಯೋಜನೆ ಪೂರ್ಣಾವಧಿ ಓದು, ಶುಲ್ಕದ ಕೊರತೆ ತುಂಬುವುದು, ಓಡಾಟದ ಪಾಸು, ಪಠ್ಯಪುಸ್ತಕ, ಅನುಕೂಲದ ವೇಳಾಪಟ್ಟಿ, ಮತ್ತೆ ಮತ್ತೆ ಭೇಟಿಯಾಗುವ ಸಲಹೆಗಾರರು, ಎಲ್ಲವನ್ನೂ ಒಟ್ಟಿಗೆ ಕಟ್ಟಿ ಕೊಟ್ಟಿತು. ಚೀಟಿ ಎತ್ತಿ ಆರಿಸಿದ ವಿದ್ಯಾರ್ಥಿಗಳ ಪ್ರಯೋಗದಲ್ಲಿ ಮೂರು ವರ್ಷದೊಳಗೆ ಪದವಿ ಮುಗಿಸಿದವರು ನೂರಕ್ಕೆ 40. ಯೋಜನೆಗೆ ಸೇರದವರಲ್ಲಿ 22. ಎರಡು ಒಟ್ಟಿಗೆ ಸಡಿಲವಾದಾಗ ಹೋಗುತ್ತಾರೆ ಎಂದೆನಲ್ಲ, ಬಿಗಿ ಮಾಡುವಾಗಲೂ ಒಂದನ್ನೇ ಹಿಡಿದರೆ ಸಾಲದು.

ನಿದ್ದೆ-ಊಟ ಕೆಟ್ಟವರು, ಎಲ್ಲರಿಂದ ದೂರ ಸರಿದವರು, ಬದುಕು ಸಾಕು ಎಂಬರ್ಥದ ಮಾತು ಆಡಿದವರು ಕಂಡರೆ ನೀವೇ ಸಮಾಲೋಚಕರಾಗಲು ಹೋಗಬೇಡಿ. ಅದೇ ದಿನ, ಜೊತೆಯಲ್ಲೇ ಹೋಗಿ ತಜ್ಞರ ಬಳಿ ಬಿಡಿ. ಚೀಟಿ ಕೊಟ್ಟು ಕಳಿಸಿದರೆ ತಲುಪುವುದಿಲ್ಲ. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತನ್ನು ಇಂಥಲ್ಲಿ ಕೊಡಬಾರದು.

ರಜೆಯ ಬಗ್ಗೆ ಒಂದು ಮಾತು. ಮೊದಲ ಸೆಮಿಸ್ಟರ್ ಮುಗಿದ ರಜೆಗೆ ಹೋದ ಕೆಲವರು ಮರಳುವುದೇ ಇಲ್ಲ. ಕೊನೆಯ ವಾರದಲ್ಲೇ ಎರಡನೇ ಸೆಮಿಸ್ಟರಿನ ನೋಂದಣಿ ಮುಗಿಸಿ, ವೇಳಾಪಟ್ಟಿ ಕೈಗೆ ಕೊಟ್ಟು, ಗುಂಪು ಯಾವುದೆಂದು ಹೇಳಿ ಕಳಿಸಿ. ಫಲಿತಾಂಶ ರಜೆಯಲ್ಲಿ ಬರುವುದಾದರೆ ಎರಡಕ್ಕಿಂತ ಹೆಚ್ಚು ವಿಷಯ ಹೋದವರಿಗೆ ಅದೇ ದಿನ ಕರೆ ಮಾಡಿ.

ಇಷ್ಟಾಗಿಯೂ ಕೆಲವರು ಹೋಗುತ್ತಾರೆ, ಕೆಲವರು ಹೋಗುವುದೇ ಸರಿ. ಬೇರೆ ಕಾಲೇಜಿಗೆ, ಬೇರೆ ವಿಷಯಕ್ಕೆ ಹೋದವರನ್ನು ಬಿಟ್ಟವರ ಲೆಕ್ಕಕ್ಕೆ ಸೇರಿಸಿದರೆ ನಿಮ್ಮ ಎಂಟು-ಹತ್ತರ ಸಂಖ್ಯೆಯೇ ದಾರಿ ತಪ್ಪಿಸುತ್ತದೆ. ವರ್ಗಾವಣೆ, ತಾತ್ಕಾಲಿಕ ವಿರಾಮ, ಫೇಲಾಗಿ ನಿಂತವರು, ತಾವೇ ಬಿಟ್ಟವರು ಎಂದು ನಾಲ್ಕು ಕಾಲಂ ಮಾಡಿ. ಬೇಡದ ವಿಷಯಕ್ಕೆ ಬಂದು ಸಿಕ್ಕಿಕೊಂಡವಳಿಗೆ ಎಂಟನೇ ವಾರದಲ್ಲಿ ಬದಲಿಸಿಕೊಳ್ಳಲು ನೆರವಾಗುವುದು ನಿಮ್ಮ ವಿಭಾಗದ ಅಂಕಿಗೆ ನಷ್ಟ, ಅವಳಿಗೆ ಲಾಭ. ಹೊರಡುವವರು ಸುಮ್ಮನೆ ಮಾಯವಾಗದೆ ವಿರಾಮದ ಅರ್ಜಿ ಕೊಟ್ಟು ಹೋಗುವಂತೆ ನೋಡಿಕೊಳ್ಳಿ: ಪಾಸಾದ ವಿಷಯಗಳ ಅಂಕ ಎಷ್ಟು ಕಾಲ ಊರ್ಜಿತ, ಮರಳಿ ಸೇರಲು ಕೊನೆಯ ಅವಧಿ ಯಾವುದು, ಯಾವ ಕಾಗದ ಬೇಕು, ಯಾರನ್ನು ಕೇಳಬೇಕು ಎಂಬುದು ಒಂದೇ ಪುಟದಲ್ಲಿ ಬರೆದು ಕೈಯಲ್ಲಿಡಿ. ಮುಂದಿನ ನೋಂದಣಿ ಮುಗಿಯುವ ಒಂದು ತಿಂಗಳ ಮೊದಲು ಅವರಿಗೊಂದು ಕರೆ ಮಾಡಲು ನಿಮ್ಮ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ. ನಂಬರ್ ಬದಲಾಗುವುದು ಮಾಮೂಲು, ಎರಡನೆಯದೊಂದನ್ನೂ ಬರೆಸಿಕೊಂಡಿರಿ.